ಪ್ಯಾರಿಸ್ಸಿನಲ್ಲಿ ದಂಡ ಕಟ್ಟಿದವರು

ಕಳೆದ ಭಾನುವಾರ ಇಡೀ ಸಭೆಯ ಎದುರು ನಾನು ಒಂದು ತುಂಡು ಬ್ರೆಡ್ಡಿಗಾಗಿ ಕಣ್ಣೀರು ಹಾಕಿದೆ. ಹಸಿವಾಗಿರಲಿಲ್ಲ. (ಬೆಳಿಗ್ಗೆ ಕಡುಬು ತಿಂದೇ ಹೊರಟಿದ್ದೆ.)

ನಮ್ಮದೊಂದು ಓದುಗರ ಗುಂಪಿದೆ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯವರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಪುಸ್ತಕ ಓದಿ ಬಂದು ಮಾತಾಡಬೇಕು. ಉಳಿದವರು ತಾವೂ ಓದಿದವರಂತೆ ತಲೆಯಾಡಿಸಬೇಕು. ಈ ಸಲ ನನ್ನ ಸರದಿ. ಆರಿಸಿಕೊಂಡದ್ದು, ತಮ್ಮ ದೇಶ ಬಿಟ್ಟು ಪ್ಯಾರಿಸ್ಸಿಗೆ ಬಂದು ಹೋಟೆಲಿನಿಂದ ಹೋಟೆಲಿಗೆ ಅಲೆಯುವವರ ಒಂದು ಹಳೆಯ ಇಂಗ್ಲಿಷ್ ಕಾದಂಬರಿ. ಕ್ಲಾಸಿಕ್ ಅಂತೆ. ಹೋದ ತಿಂಗಳು ಶೃಂಗೇರಿಯ ಡಾಕ್ಟರ್ ನಂದಿನಿ ದಪ್ಪನೆಯ ರಷ್ಯನ್ ಕಾದಂಬರಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು. ನಾನು ಬಿಡುತ್ತೇನೆಯೇ?

ಆದರೆ ಪುಟಪುಟಕ್ಕೂ ಫ್ರೆಂಚ್! ಅಕ್ಷರಗಳ ತಲೆಯ ಮೇಲೆ ಟೋಪಿ, ಬುಡದಲ್ಲಿ ಬಾಲ. ಅಂಥವನ್ನೆಲ್ಲ ಮೊಬೈಲ್‌ನಲ್ಲಿ ಹುಡುಕಿದೆ. ನಡುನಡುವೆ ಗೊತ್ತಿದ್ದ ಇಂಗ್ಲಿಷ್ ಪದ ಸಿಕ್ಕರೆ, ಅಬ್ಬ, ಬದುಕಿದೆ ಅಂತ ಮುಂದೆ ಹೋದೆ.

ಕಡಹಿನಬೈಲಿನ ಸುಮಿತ್ರಾಳ ಮನೆಯಲ್ಲಿ ಸಭೆ. "ಆಗಿನ ಪ್ಯಾರಿಸ್ಸಲ್ಲಿ ಕಾನೂನು ಭಯಂಕರ," ಎಂದು ಶುರು ಮಾಡಿದೆ. "ಹೋಟೆಲಲ್ಲಿ ಕೂತರೂ ಫೈನ್! ನಾಯಕಿಗಂತೂ ಹೋದಲ್ಲೆಲ್ಲ ಫೈನ್. ಪಾಪ, ತುಟಿಪಿಟಿಕ್ ಅನ್ನದೆ ತಗೊಳ್ತಾಳೆ."

ಶೆಟ್ಟಿಕೊಪ್ಪದ ರಿಟೈರ್ಡ್ ಹೆಡ್‌ಮಾಸ್ತರು ಸೀತಾರಾಮಯ್ಯ ತೊಡೆ ತಟ್ಟಿದರು. "ಅಲ್ಲೂ ಹಂಗೇ ಅನ್ನು! ಮೊನ್ನೆ ಹೆಲ್ಮೆಟ್ ಸ್ಕೂಟರಿಗೇ ನೇತಾಕಿದ್ದೆ ಮಾರಾಯ್ತಿ, ಆದ್ರೂ ನಂಗೆ ಹಾಕಿದ್ರು."

"ಮೇಜಿನ ಮೇಲೆ ಸಾಸರ್ ರಾಶಿ ಬೀಳ್ತದೆ, ಎತ್ತುವವರೇ ಇಲ್ಲ," ಎಂದೆ.

"ಅಲ್ಲೂ ಕೆಲಸಕ್ಕೆ ಜನ ಸಿಗಲ್ವಾ?" ಸುಮಿತ್ರಾ ನಿಟ್ಟುಸಿರಿಟ್ಟಳು.

ಸಭೆ ನನ್ನ ಕೈಯಲ್ಲಿತ್ತು. ಕೊನೆಯ ಅಸ್ತ್ರ ಬಿಟ್ಟೆ. "ನಾಯಕ ಒಬ್ಬನೇ ಕೂತು ವೇಟರ್‌ನ ಕೇಳ್ತಾನೆ, ನನಗೆ ಪೇನ್ ಕೊಡು, ಇನ್ನಷ್ಟು ಪೇನ್ ಕೊಡು! ನೋವನ್ನೇ ಬೇಡುವ ಜೀವ!" (ಪುಸ್ತಕದಲ್ಲಿ ಆ ಪದ ಓರೆ ಅಕ್ಷರದಲ್ಲಿತ್ತು. ನೋವಿನ ಭಾರಕ್ಕೆ ವಾಲಿದೆ ಅಂದುಕೊಂಡಿದ್ದೆ.) ನನ್ನ ಕಣ್ಣಿಂದ ನೀರು ಇಳಿಯಿತು. ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂಲೆಯಲ್ಲಿ ಮುಖ ಮುಚ್ಚಿಕೊಂಡಿದ್ದ ನಂದಿನಿಯ ಭುಜಗಳೂ ಅಲುಗುತ್ತಿದ್ದವು. ಗೆದ್ದೆ!

ಅವಳು ಮುಖ ಎತ್ತಿದಳು. ನಗುತ್ತಿದ್ದಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಕಾಲೇಜಲ್ಲಿ ನಂಗೆ ಫ್ರೆಂಚ್ ಇತ್ತು. ಸ್ಪೆಲಿಂಗ್ ಅದೇ, ಆದ್ರೆ ಅದು ಪೇನ್ ಅಲ್ಲ, ಪ್ಯಾಂ. ಅಂದ್ರೆ ಬ್ರೆಡ್. ಅವನಿಗೆ ಹಸಿವಾಗಿತ್ತು."

"ಮತ್ತೆ ಫೈನ್?"

"ಫೀನ್. ಒಂದು ಥರದ ಬ್ರಾಂಡಿ."

"ಸಾಸರ್?"

"ಒಂದು ಗ್ಲಾಸಿಗೆ ಒಂದು ಸಾಸರ್. ಎಷ್ಟು ಕುಡಿದ್ರು ಅಂತ ಗೊತ್ತಾಗ್ಲಿ ಅಂತ ಹಾಗೇ ಬಿಡ್ತಿದ್ರು."

"ಹಂಗಾರೆ ಆ ಹುಡುಗಿ ದಂಡ ಕಟ್ಟಿದ್ದಲ್ವಾ?" ಸುಮಿತ್ರಾ ಸಿಡುಕಿದಳು. "ನಾನು ಸುಮ್ನೆ ಅತ್ನಲ್ಲೇ!"

ನನಗೆ ಕಿವಿಯೆಲ್ಲ ಬಿಸಿಯಾಯಿತು. ನೋಡಿ, ಟೋಪಿ ಹಾಕಿಕೊಂಡ ಪದಗಳು ನನಗೆ ಟೋಪಿ ಹಾಕಲಿಲ್ಲ. ಪರಿಚಯದ ಮುಖದವೇ ಹಾಕಿದವು. ಗೊತ್ತಿರುವ ಪದಕ್ಕೆ ಯಾರು ಡಿಕ್ಷನರಿ ತೆಗೆಯುತ್ತಾರೆ? ಮನೆಯವರು "ನಿನ್ನಿಷ್ಟ" ಅಂದಾಗ ನೀವು ತೆಗೆದಿದ್ದೀರಾ? (ತೆಗೆಯಬೇಕಿತ್ತು.)

ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. "ಅಲ್ಲ ನಂದಿನಿ, ಹಾಗಾದ್ರೆ ಆ ಪುಸ್ತಕದಲ್ಲಿ ಆಗೋದಾದ್ರೂ ಎಂತ?"

ನಂದಿನಿ ಯೋಚಿಸಿದಳು. "ತಿಂತಾರೆ, ಕುಡೀತಾರೆ, ಇನ್ನೊಂದು ಹೋಟೆಲಿಗೆ ಹೋಗ್ತಾರೆ."

"ಇಷ್ಟೇಯಾ?" ಅವರು ನನ್ನತ್ತ ತಿರುಗಿದರು. "ನೀನು ಹೇಳಿದ್ದೇ ಚೆನ್ನಾಗಿತ್ತು ಮಾರಾಯ್ತಿ. ಹಂಗೇ ಮುಂದುವರಿಸು."

ಮುಂದುವರಿಸಿದೆ. ಒಬ್ಬರೂ ಎದ್ದು ಹೋಗಲಿಲ್ಲ.

ಹೊರಡುವಾಗ ನಂದಿನಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು: "ಅಕ್ಕ, ಮುಂದಿನ ಸಲ ನನ್ನ ಪುಸ್ತಕಾನೂ ನೀವೇ ತಪ್ಪಾಗಿ ಓದಿಕೊಡ್ತೀರಾ?"