ಮಾಯ್ ಲೋರ್ ಮಲಗಿದ ಜಾಗಗಳು

ಬೆಳಗಿನ ನಾಲ್ಕೂವರೆ. ಜಪಾನಿನ ಸಗಮಿಹಾರಾ ನಗರದ ಬಸ್ ಡಿಪೋದಲ್ಲಿ ನೆಂಗ್ ಶಿಯೊಂಗ್ ಬಸ್ಸಿನ ಹಿಡಿಕೆಗಳನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ಮೊದಲ ಬಸ್ಸು ಹೊರಡುವ ಮುನ್ನ ಒಂಬತ್ತು ಬಸ್ಸುಗಳನ್ನು ಮುಗಿಸಬೇಕು. ಒಂದೊಂದರಲ್ಲೂ ನಲವತ್ತಕ್ಕೂ ಹೆಚ್ಚು ಹಿಡಿಕೆ. ಮಾಸ್ಕಿನೊಳಗೆ ತುಟಿ ಅಲುಗುತ್ತಲೇ ಇದೆ.

"ನೆಂಗ್ ಸಾನ್, ಬಸ್ಸಿಗೆ ಮಂತ್ರ ಹಾಕ್ತಿದೀರಾ?" ಚಾಲಕ ಓಕಾದಾ ಕಿಚಾಯಿಸುತ್ತಾರೆ.

"ಹೌದು. ನೀವು ಓಡಿಸಿದ್ರೂ ಇವತ್ತು ಟೈಮಿಗೆ ಹೋಗುತ್ತೆ."

ಅವರು ಗುನುಗುವುದು ಊರುಗಳ ಹೆಸರು. ಅರವತ್ತಮೂರರ ನೆಂಗ್ ಲಾವೋಸಿನ ಬೆಟ್ಟಗಳ ಹ್ಮಾಂಗ್ ಜನಾಂಗದವರು. ಪೂರ್ವಿಕರು ಚೀನಾದಿಂದ ದಕ್ಷಿಣಕ್ಕೆ ಇಳಿದು ಬಂದವರು. 1975ರಲ್ಲಿ ಯುದ್ಧ ಮುಗಿದ ಮೇಲೆ ಸಾವಿರಾರು ಜನ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದರು. ಅಲ್ಲಿಂದ ಜಪಾನಿಗೆ ಬಂದವರು ಬೆರಳೆಣಿಕೆಯಷ್ಟು.

ಇವರಲ್ಲಿ ಯಾರಾದರೂ ತೀರಿಕೊಂಡರೆ ದಾರಿ ಹೇಳುವವರೊಬ್ಬರು ಬೇಕು. ಸತ್ತವರು ಬದುಕಿದ್ದ ಜಾಗಗಳನ್ನೆಲ್ಲ ಕೊನೆಯದರಿಂದ ಹಿಂದಕ್ಕೆ ಹೆಸರಿಸಿ, ಅಲ್ಲಿಯ ನೆಲ ನೀರಿಗೆ ಕೃತಜ್ಞತೆ ಹೇಳಿಸಿ, ಹುಟ್ಟಿದಾಗ ಮಾಸು ಹೂತ ಮನೆಯವರೆಗೆ ಜೀವವನ್ನು ನಡೆಸಬೇಕು. ಒಂದು ಜಾಗ ತಪ್ಪಿದರೂ ಜೀವ ಅಲ್ಲೇ ನಿಂತುಬಿಡುತ್ತದೆ ಎಂಬುದು ನಂಬಿಕೆ. ಈ ಹಾಡನ್ನು ನೆಂಗ್ ಶಿಬಿರದಲ್ಲಿ ತಂದೆಯಿಂದ ಕಲಿತರು. ಈ ಕಡೆ ಇದನ್ನು ಬಲ್ಲವರು ಈಗ ಅವರೊಬ್ಬರೇ.

ಕಳೆದ ತಿಂಗಳು, 2021ರ ಜನವರಿಯಲ್ಲಿ, ಇವರದೇ ಜನಾಂಗದ ಎಪ್ಪತ್ತರ ಹೆಂಗಸು ಮಾಯ್ ಲೋರ್ ಕೋವಿಡ್‌ನಿಂದ ತೀರಿಕೊಂಡರು. ಮುಖ ನೋಡಲೂ ಬಿಡಲಿಲ್ಲ. ಮನೆಗೆ ಬಂದದ್ದು ಬಿಳಿ ಬಟ್ಟೆ ಸುತ್ತಿದ ಅಸ್ಥಿ ಪೆಟ್ಟಿಗೆ. ಅದರ ಮುಂದೆ ಕೂತು ನೆಂಗ್ ನಾಲ್ಕು ಗಂಟೆ ಹಾಡಿದರು. ಆಸ್ಪತ್ರೆ, ಬಾಡಿಗೆ ಮನೆ, ಯಮಾತೋದ ನಿರಾಶ್ರಿತರ ಕೇಂದ್ರ, ಶಿಬಿರ, ನದಿ, ಹುಟ್ಟೂರು.

ವಾರದ ನಂತರ ಆಸ್ಪತ್ರೆಯಿಂದ ಮಾಯ್ ಅವರ ಚೀಲ ಬಂತು. ಒಳಗೆ ಹೋಟೆಲೊಂದರ ಬಿಳಿ ಚಪ್ಪಲಿ. ಮಗಳು ಪಾ ಅಳುತ್ತಲೇ ಫೋನ್ ಮಾಡಿದರು. "ಚಿಕ್ಕಪ್ಪಾ, ಆಸ್ಪತ್ರೆಗೆ ಮುಂಚೆ ಅಮ್ಮನ್ನ ಐದು ದಿನ ಐಸೊಲೇಷನ್ ಹೋಟೆಲಲ್ಲಿ ಇಟ್ಟಿದ್ರು. ನಿಮಗೆ ಹೇಳೋದೇ ಮರೆತೆ."

"ತಪ್ಪು ನಂದು, ನಾನು ಕೇಳ್ಬೇಕಿತ್ತು," ಎಂದರು ನೆಂಗ್. "ಹೋಟೆಲನ್ನ ಊರು ಅಂತ ಯಾರು ಅಂದ್ಕೋತಾರೆ? ಆದ್ರೆ ಅಲ್ಲಿ ಮಲಗಿದ್ಲಲ್ಲ. ದಾರಿ ಕಾಣದೆ ಆ ಕಾರಿಡಾರಲ್ಲೇ ನಿಂತಿದ್ರೆ?"

ಮರುದಿನ ಬಸ್ಸುಗಳನ್ನು ಮುಗಿಸಿ, ಪಾ ಜೊತೆ ಪೆಟ್ಟಿಗೆ ಹಿಡಿದು ಹೋಟೆಲಿನ ಗೇಟಿಗೆ ಹೋದರು. ಇಲ್ಲಿ ನಿಲ್ಲುವಂತಿಲ್ಲ ಎಂದ ಕಾವಲುಗಾರ.

"ಸುಮಿಮಾಸೆನ್, ಕ್ಷಮಿಸಿ. ಇವರು ಇನ್ನೂ ಚೆಕ್‌ಔಟ್ ಆಗಿಲ್ಲ," ಎಂದರು ನೆಂಗ್.

ಕಾವಲುಗಾರ ಪೆಟ್ಟಿಗೆಯನ್ನು ನೋಡಿದ. ತಲೆಬಾಗಿಸಿ, ಅವರತ್ತ ಬೆನ್ನು ಮಾಡಿ ನಿಂತ. ನೆಂಗ್ ಆಸ್ಪತ್ರೆಯಿಂದ ಮತ್ತೆ ಶುರುಮಾಡಿ, ಆ ಹೋಟೆಲಿಗೂ ಕೃತಜ್ಞತೆ ಹೇಳಿಸಿದರು. ಉಳಿದ ದಾರಿಯನ್ನು ಮನೆಯಲ್ಲಿ ಕೂತು ಮಧ್ಯಾಹ್ನದವರೆಗೆ ಹಾಡಿದರು.

"ಅಮ್ಮ ತಲುಪಿದ್ಲಾ?" ಪಾ ಕೇಳಿದರು.

"ಅದು ನಂಗೆ ಗೊತ್ತಾಗಲ್ಲಮ್ಮ," ಎಂದರು ನೆಂಗ್. "ಆದ್ರೆ ಈ ಸಲ ದಾರಿ ಎಲ್ಲೂ ಕಡಿದಿಲ್ಲ."