ಅಕ್ಕನ ಪುಸ್ತಕದಲ್ಲಿ ನನ್ನ ಜಾಗ

ಅಕ್ಕ ತೀರಿಕೊಂಡ ಮೇಲೆ ಅವಳ ಆತ್ಮಕಥೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ನಾನು ಓದಿದ್ದು ಪಿಯುಸಿವರೆಗೆ. ಆದರೆ ಕಾಗುಣಿತ ತಪ್ಪುವುದಿಲ್ಲ.

ಪತ್ರಕರ್ತೆಯಾಗಿ ಅವಳು ಒಂದು ಕಡೆ ನಿಂತವಳಲ್ಲ. ಜಾಹೀರಾತು ಕೊಡುವ ಬಿಲ್ಡರ್ ಮೇಲೆ ಬರೆದ ವರದಿಯನ್ನು ಪತ್ರಿಕೆ ತಡೆದಾಗ, ಅದನ್ನು ಜೆರಾಕ್ಸ್ ಮಾಡಿಸಿ ಶಿವಾಜಿನಗರ ಬಸ್ ನಿಲ್ದಾಣದಲ್ಲಿ ತಾನೇ ಹಂಚಿ, ಸಂಜೆ ರಾಜೀನಾಮೆ ಕೊಟ್ಟು ಬಂದಳು. ಮದುವೆ ಬೇಡವೆಂದಳು. ಬಾಗಿಲಲ್ಲೇ ಕೂತು ಬೀಡಿ ಸೇದುತ್ತಿದ್ದಳು. ಜೋಗುಪಾಳ್ಯದ ನಮ್ಮ ಬೀದಿಯವರು ಬೈದರು. ಆಮೇಲೆ ನಲ್ಲಿಯಲ್ಲಿ ನೀರು ಬರದಿದ್ದರೆ ಅವಳನ್ನೇ ಹುಡುಕಿಕೊಂಡು ಬಂದರು. ನಾನು ಬ್ಲೌಸ್ ಹೊಲಿದು ಮನೆ ನಡೆಸಿದೆ.

ಪುಸ್ತಕದ ತುಂಬ ಅವಳ ಗೆಳತಿಯೇ ಇದ್ದಳು. ಫ್ರೇಜರ್ ಟೌನಿನವಳು, ಫೋಟೋಗ್ರಾಫರ್. ಅವಳ ಸ್ಕೂಟರ್, ಅವಳ ಧೈರ್ಯ, ಅವಳ ಮನೆಯ ಬಿರಿಯಾನಿ. ಇಬ್ಬರೂ ನಗುತ್ತಾ ಮನೆಗೆ ಬರುತ್ತಿದ್ದದ್ದು ನೆನಪಾಗುತ್ತಿತ್ತು. ಗೆಳತಿಗೆ ಅಕ್ಕ ಹೇಳುತ್ತಿದ್ದದ್ದು, "ಬಾ ಮಗಾ, ಒಳಗ್ ಬಾ." ನನಗೆ, "ಏನೇ, ಏನಿದೆ ತಿನ್ನೋಕೆ?"

ನಾನು ಎಲ್ಲಿದ್ದೇನೆ ಎಂದು ಪುಟ ಪುಟವೂ ಹುಡುಕಿದೆ. ಸಿಕ್ಕಿದ್ದು ಒಂದೇ ಸಾಲು: "ಮನೆಯಲ್ಲಿ ತಿಂಡಿ ಇರುವಾಗ ನನಗೆ ಯಾವ ಸಂಪಾದಕನ ಭಯ?" ನಾನು ಮಾಡಿದ ಉಪ್ಪಿಟ್ಟಿಗೆ ಪುಸ್ತಕದಲ್ಲಿ ಜಾಗವಿದೆ, ನನಗಿಲ್ಲ. ಆ ಸಾಲನ್ನು ಹಾಗೇ ಬಿಟ್ಟು ಮುಂದೆ ಹೋದೆ. ಎರಡು ದಿನ ಅಕ್ಕನ ಫೋಟೋಗೆ ಹೂವಿಡಲಿಲ್ಲ.

ಒಂದು ಮಧ್ಯಾಹ್ನ ಗೆಳತಿ ಪುಸ್ತಕಕ್ಕೆಂದು ಫೋಟೋಗಳನ್ನು ಕೊಡಲು ಬಂದಳು. ನಾನು ಕಾಫಿ ತರುವಷ್ಟರಲ್ಲಿ ಕರಡು ಅವಳ ತೊಡೆಯ ಮೇಲಿತ್ತು. ಆ ಸಾಲಿಗೆ ಬಂದು ಜೋರಾಗಿ ನಕ್ಕಳು.

"ಇದೇನ್ರೀ, ತಿಂಡಿ? ಯಾ ಅಲ್ಲಾ!"

"ಅವಳೇ ಹೇಳಿ ಬರೆಸಿದ್ದು. ನನ್ನನ್ಯಾಕೆ ಕೇಳ್ತೀರಿ?"

"ಬರೆದಿದ್ದು ಫೋನು ಕಣ್ರೀ. ಅವಳು ಹೇಳಿದ್ದು ತಂಗಿ. ತಂಗಿ ಇರುವಾಗ."

ಕೊನೆಯ ತಿಂಗಳುಗಳಲ್ಲಿ ಅಕ್ಕನ ಕೈ ನಡುಗುತ್ತಿತ್ತು. ಫೋನಿನ ಮುಂದೆ ಮಾತಾಡಿದರೆ ಅದೇ ಅಕ್ಷರ ಮೂಡಿಸುತ್ತಿತ್ತು. ಎಷ್ಟೋ ಪದಗಳನ್ನು ತಪ್ಪಾಗಿ ಕೇಳಿಸಿಕೊಂಡಿತ್ತು, ಅವನ್ನೆಲ್ಲ ನಾನೇ ತಿದ್ದಿದ್ದೆ. ಇದೊಂದು ಮಾತ್ರ ನನಗೆ ತಪ್ಪೆಂದು ತೋರಿರಲಿಲ್ಲ.

"ನಿಮಗೆ ಹೇಗೆ ಗೊತ್ತು?" ಎಂದೆ.

"ಪಕ್ಕದಲ್ಲೇ ಕೂತಿದ್ನಲ್ಲ. ಅವತ್ತು ನಂಗೆ ಹೊಟ್ಟೆ ಉರಿದುಹೋಯ್ತು. ಇಷ್ಟು ವರ್ಷ ಸ್ಕೂಟರಲ್ಲಿ ಹೊತ್ಕೊಂಡು ತಿರುಗಿದವಳು ನಾನು, ಧೈರ್ಯ ಮಾತ್ರ ತಂಗೀದಂತೆ. ಕೇಳಿದ್ದಕ್ಕೆ, 'ನೀನು ಬರೋದು ನಾನು ಜಗಳಕ್ಕೆ ಹೋದ್ಮೇಲೆ, ಅವಳು ಇರೋದು ಅದಕ್ಕೂ ಮೊದಲು' ಅಂದ್ಳು."

ಅವಳು ಆಮೇಲೆ ನಗಲಿಲ್ಲ. ನನಗೆ ಅಳು ಬಂತು. ಆದರೆ ಅಳುವಿನ ಒಳಗೇ ಇನ್ನೊಂದು ಸಂಕಟ: ನನ್ನ ಬಗ್ಗೆ ಅಕ್ಕ ಆಡಿದ ಮಾತನ್ನು ಅಕ್ಕನದೇ ದನಿಯಲ್ಲಿ ಕೇಳಿದ್ದೂ ಇವಳೇ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಗಂಜಿ ಆರಿಸುತ್ತಿದ್ದಿರಬೇಕು.

"ಕೊಡಿ, ತಿದ್ತೀನಿ," ಎಂದು ಅವಳು ನನ್ನ ಕೆಂಪು ಪೆನ್ನಿಗೆ ಕೈ ಚಾಚಿದಳು.

ಕೊಡಲಿಲ್ಲ. ಕರಡನ್ನು ಅವಳ ತೊಡೆಯಿಂದ ಎತ್ತಿಕೊಂಡು, ತಿಂಡಿಯನ್ನು ಹೊಡೆದುಹಾಕಿ, ಅದರ ಮೇಲೆ ತಂಗಿ ಎಂದು ನಾನೇ ಬರೆದೆ.