ತೊಗರಿ ಕಾಟಾದ ಕೊಕ್ಕೆಗೆ ಇಬ್ಬರು

ಹೋದ ಚಳಿಗಾಲ ಗೋವಾದ ಕಡಲಿನಲ್ಲಿ ನಾನು ಹಾಯಿದೋಣಿಯ ತಂತಿಗೆ ನೇತುಬಿದ್ದು ನೀರಿನ ಮೇಲೆ ಸಾಗಿದ್ದೆ. ಇದು ನನ್ನ ನೆನಪು. ನೇತುಬಿದ್ದದ್ದು ತಾನು, ನಾನು ನಡುವೆ ಹಾಯಿಯ ಕಂಬ ಹಿಡಿದು ಕಣ್ಣು ಮುಚ್ಚಿ ಕೂತಿದ್ದೆ ಎಂಬುದು ಹೆಂಡತಿಯ ನೆನಪು. ಮೊಬೈಲುಗಳೆರಡೂ ದಡದ ಚೀಲದಲ್ಲಿದ್ದುದರಿಂದ ಫೋಟೊ ಇಲ್ಲ. ಒಬ್ಬನೇ ಸಾಕ್ಷಿಯ ಮಾತು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಕಲಿಸಿದ್ದರು. ಆ ಸಾಕ್ಷಿ ನಾನೇ ಆದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಆ ದೋಣಿ ಕ್ಯಾಟಮರಾನ್, ಎಂದರೆ ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಬಲೆ ಬಿಗಿದು, ಹಾಯಿ ಕಟ್ಟಿದ್ದು. ಗಾಳಿ ಜೋರಾದರೆ ಒಂದು ಪಕ್ಕ ಮೇಲೇಳುತ್ತದೆ. ಆಗ ಒಬ್ಬರು ಸೊಂಟ, ತೊಡೆಗೆ ಪಟ್ಟಿ ಬಿಗಿಯುವ ಹಾರ್ನೆಸ್ ತೊಟ್ಟು, ಅದರ ಸೊಂಟದ ಕೊಕ್ಕೆಯನ್ನು ಕಂಬದಿಂದ ಇಳಿದ ತಂತಿಗೆ ಸಿಕ್ಕಿಸಿ, ಅಂಚಿಗೆ ಕಾಲೂರಿ ಮೈಯನ್ನು ಹೊರಗೆ ಚಾಚಬೇಕು. ಇನ್ನೊಬ್ಬರು ಚುಕ್ಕಾಣಿ ಹಿಡಿಯಬೇಕು. ಇದನ್ನು ಕಲಿಸುವ ಈ ಚಳಿಗಾಲದ ತರಗತಿಗೆ ಇಬ್ಬರೂ ಹೆಸರು ಕೊಟ್ಟಿದ್ದೆವು. ತಂತಿ ಇಬ್ಬರಿಗೂ ಬೇಕಿತ್ತು, ಚುಕ್ಕಾಣಿ ಯಾರಿಗೂ ಬೇಡವಾಗಿತ್ತು.

ಮುಂಬೈಯಿಂದ ಹಾರ್ನೆಸ್ ಎರಡು ತರಿಸಿದೆವು: ನನ್ನ ಅಳತೆಯದು ಒಂದು, ಅವಳದು ಒಂದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಬೇಕು. ಹೊಸಬರಿಗೆ ಕುಂಡೆಯಡಿ ಅಗಲ ಪಟ್ಟಿ ಇರುವ, ಬೆನ್ನಿಗೆ ಆಸರೆ ಕೊಡುವ ನಮೂನೆಯೇ ಸರಿ ಎಂದು ತರಗತಿಯವರು ಹೇಳಿದ್ದರು. ನೇತುಬಿದ್ದು ಎರಡೂ ಕೈ ಬಿಟ್ಟವರಿಗೆ ತಂತಿ ಎಂದು ನಾವೇ ಕರಾರು ಮಾಡಿಕೊಂಡೆವು.

ನಾವಿರುವ ಅಫಜಲಪುರದ ಬಾಡಿಗೆ ಮನೆಯಲ್ಲಿ ನೇತಾಡಲು ಇದ್ದದ್ದು ಫ್ಯಾನಿನ ಕೊಂಡಿಯೊಂದೇ. ಹಾಗಾಗಿ ಭಾನುವಾರ ಆಳಂದಕ್ಕೆ, ನನ್ನ ಸೋದರಮಾವನ ಧಾನ್ಯದ ಅಡತಿ ಅಂಗಡಿಗೆ ಹೋದೆವು. ತೊಗರಿ ಚೀಲ ತೂಗುತ್ತಿದ್ದ ಹಳೆ ಕಾಟಾದ ಕೊಕ್ಕೆ ಇನ್ನೂ ತೊಲೆಯಲ್ಲಿ ಇತ್ತು. ಅದಕ್ಕೆ ಹಗ್ಗ ಇಳಿಬಿಟ್ಟು, ತುದಿಗೆ ಕಬ್ಬಿಣದ ಬಳೆ ಕಟ್ಟಿದೆವು. ಕಾಲೂರಲು ಎದುರಿಗೆ ಒಂದರ ಮೇಲೊಂದು ಒಟ್ಟಿದ ತೊಗರಿ ಚೀಲದ ಥಪ್ಪಿ ಇತ್ತು. ಕೆಳಗೆ ಖಾಲಿ ಚೀಲ ಹಾಸಿದೆವು.

ಮಾವ ಹಾರ್ನೆಸ್ ಹಿಡಿದು ತಿರುವಿ ನೋಡಿದ. ಮೂವತ್ತು ವರ್ಷ ಎತ್ತು ಕಟ್ಟಿದವನು. "ಪಟ್ಟ್ಯಾಗ ಎರಡು ಬೆರಳು ಆಡಬೇಕು ನೋಡಲೇ. ಬಿಗಿ ಮಾಡಿದ್ರ ಚರ್ಮ ಕಿತ್ತು ಹುಣ್ಣ ಆಗ್ತದ" ಎಂದು ನನ್ನ ತೊಡೆಪಟ್ಟಿಗಳನ್ನು ಸಡಿಲ ಬಿಟ್ಟ. ನನಗೂ ಇದು ವೈಜ್ಞಾನಿಕವಾಗಿಯೇ ಕಂಡಿತು.

"ಅವರೇನು ಎತ್ತೇನ್ರಿ ಮಾವ?" ಎಂದಳು ಹೆಂಡತಿ.

"ಎತ್ತಾದ್ರ ಹೇಳಿದ್ದು ಕೇಳ್ತಿತ್ತು ಬಿಡವ್ವ."

ಕೊಕ್ಕೆ ಸಿಕ್ಕಿಸಿ ಮೈಭಾರ ಬಿಟ್ಟೆ. ನಾನು ಕೆಳಗಿಳಿದೆ, ಹಾರ್ನೆಸ್ ಮಾತ್ರ ಅಲ್ಲೇ ಉಳಿಯಿತು. ಸೊಂಟದ ಕೊಕ್ಕೆ ಎದೆಗೆ ಏರಿತು, ಪಟ್ಟಿ ಕಂಕುಳಿಗೆ ಬಂತು, ಎರಡೂ ತೋಳು ತಾವಾಗಿ ಮೇಲೆದ್ದವು. ನನ್ನ ದನಿ ನನಗೇ ಗುರುತು ಸಿಗದಷ್ಟು ಸಣ್ಣಗಾಗಿತ್ತು.

"ಇಳಸ್ರಿ."

"ಯಾಕ್ರಿ, ಹೋದ ವರ್ಷ ಹಿಂಗೇ ಇತ್ತಲ್ಲ?" ಎಂದಳು ಹೆಂಡತಿ.

"ಹಿಂಗ ಇರಲಿಲ್ಲ."

"ಹಂಗಾರ ಹೆಂಗಿತ್ತು, ಹೇಳ್ರಿ."

ಕಡಲು ನೆನಪಿತ್ತು, ಗಾಳಿ ನೆನಪಿತ್ತು. ತೊಡೆಗೆ ಪಟ್ಟಿ ಒತ್ತಿದ ನೆನಪು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಅವಳು ನನ್ನನ್ನು ಇಳಿಸಿ, ಚೀಲದ ಬಾಯಿ ಕಟ್ಟುವ ಹಾಗೆ ತೊಡೆಪಟ್ಟಿಗಳನ್ನು ಎಳೆದು ಬಿಗಿದಳು. ಈ ಸಲ ಕೊಕ್ಕೆ ಹೊಕ್ಕಳ ಹತ್ತಿರವೇ ನಿಂತಿತು. ಕುರ್ಚಿಯಲ್ಲಿ ಕೂತಂತೆ ಆರಾಮವಾಗಿ ನೇತಾಡಿದೆ. ಥಪ್ಪಿಗೆ ಕಾಲೂರಿ ಹಿಂದಕ್ಕೆ ಬಾಗಿಯೂ ಬಿಟ್ಟೆ. ಆದರೆ ಕೈಗಳು ಹಗ್ಗ ಬಿಡಲಿಲ್ಲ. ಬಿಡಿ ಎಂದು ನಾನು ಹೇಳುತ್ತಿದ್ದೆ, ಅವು ಕೇಳುತ್ತಿರಲಿಲ್ಲ.

"ಒಂದು ಕೈಯರೆ ಬಿಡಲೇ" ಎಂದ ಮಾವ.

"ಬಿಡಾಕತ್ತೇನಿ."

"ಯಾವಾಗಿಂದ?"

ಇಳಿದೆ. ಹೆಂಡತಿ ಚೂಡಿದಾರದ ಮೇಲೆ ತನ್ನ ಹಾರ್ನೆಸ್ ತೊಟ್ಟು, ಕೇಳದೆಯೇ ತೊಡೆಪಟ್ಟಿ ಬಿಗಿದು, ಒಮ್ಮೆ ಕುಕ್ಕರಿಸಿ ಎದ್ದು ಮತ್ತೆ ಬಿಗಿದಳು. ಜೇವರ್ಗಿ ಕಡೆಯವಳು, ಸಣ್ಣವಳಿದ್ದಾಗ ಭೀಮಾ ಹೊಳೆಯಲ್ಲಿ ಈಜಿದವಳು. ಕೊಕ್ಕೆ ಸಿಕ್ಕಿಸಿದಳು, ಕಾಲೂರಿದಳು, ಮೈಯನ್ನು ನೆಲಕ್ಕೆ ಸಮನಾಗಿ ಚಾಚಿ ಎರಡೂ ಕೈ ಅಗಲಿಸಿದಳು. ಆಮೇಲೆ ತಲೆಯನ್ನೂ ಹಿಂದಕ್ಕೆ ಬಿಟ್ಟಳು. ಜಡೆ ಖಾಲಿ ಚೀಲದ ಮೇಲೆ ಅತ್ತಿತ್ತ ಆಡಿತು.

ಆ ಜಡೆ ಕಂಡದ್ದೇ ನನಗೆ ಗೋವಾ ಕಣ್ಣಮುಂದೆ ಬಂತು: ನೀರಿಗೆ ತಾಗಿ ತಾಗಿ ಏಳುವ ಜಡೆ, ನನ್ನ ಕೈಯಲ್ಲಿ ತಣ್ಣಗಿನ ಕಂಬ.

"ನೆನಪಾಯ್ತೇನ್ರಿ?" ಎಂದಳು ನೇತಾಡುತ್ತಲೇ.

"ಆಯ್ತು. ಆದ್ರ ಖರೇನ ಆಗ ನೋಡಿದ್ದು ನೆನಪಾತೋ, ಈಗ ನೋಡಿದ್ದಕ್ಕ ಹಂಗ ಅನಸ್ತದೋ, ಹೇಳಾಕ ಬರೂದಿಲ್ಲ."

"ಚುಕ್ಕಾಣಿ ಹಿಡ್ಕೊಂಡು ಕುಂತು ವಿಚಾರ ಮಾಡ್ರಿ. ಟೈಮ್ ಭಾಳ ಸಿಗ್ತದ."

ವಾಪಸು ಕಳಿಸಲು ನನ್ನ ದೊಡ್ಡ ಹಾರ್ನೆಸ್ಸನ್ನು ಡಬ್ಬಿಗೆ ತುಂಬುತ್ತಿದ್ದಾಗ ಮಾವ ಅದನ್ನೇ ನೋಡುತ್ತ ನಿಂತಿದ್ದ. ಎರಡು ಬೆರಳು ಬಿಟ್ಟು ಕಟ್ಟಿದರೆ ಎತ್ತಿಗೆ ಆದೀತು ಎಂದ.